ನಾವು, ನೀವು ಬಿಟ್ಟು

ಸ್ವಾಗತಿಸಿದವರು ಕಾಸರಗೋಡಿಗೆ ಏಳು ಭಾಷೆ ಎಂದರು.
ಉದ್ಘಾಟಕರು ದೀಪ ಹಚ್ಚಿ ಎಂಟು ಎಂದರು.
ಚಹಾದ ಹೊತ್ತಿಗೆ ಹನ್ನೊಂದು ದಾಟಿತ್ತು,
ಬಿಸ್ಕತ್ತು ಸಾಲಲಿಲ್ಲ.

ವಿದ್ಯಾನಗರದ ಸಭಾಂಗಣದಲ್ಲಿ ನನ್ನದು ಸುಲಭದ ಕೆಲಸ.
ಮುಂದಿನ ಸಾಲಿನ ಕೊನೆಯ ಕುರ್ಚಿ,
ಮಡಿಲಲ್ಲಿ ಎರಡು ರಟ್ಟಿನ ತುಂಡು:
ಹಳದಿ ಎತ್ತಿದರೆ ಇನ್ನೆರಡು ನಿಮಿಷ,
ಕೆಂಪು ಎತ್ತಿದರೆ ಭಾಷಾವಿಜ್ಞಾನ ಮುಗಿಯಿತು.

ಮೂರನೇ ಗೋಷ್ಠಿಗೆ ಮಾಹಿತಿದಾರರು ಬಂದರು,
ಪೈವಳಿಕೆಯ ಬಾಗಿಯಕ್ಕ, ಬೀಡಿ ಕಟ್ಟುವವರು,
ಬೆರಳ ತುದಿಗೆ ಹೊಗೆಸೊಪ್ಪಿನ ಬಣ್ಣ.
ಕಾಲರಿಗೆ ಸಿಕ್ಕಿಸುವ ಮೈಕು; ಸೀರೆಗೆಲ್ಲಿಯ ಕಾಲರು?
ಕರಿಮಣಿಗೆ ಸಿಕ್ಕಿಸಿದರು.

ಮೈಸೂರಿನಿಂದ ಬಂದ ಪ್ರಾಧ್ಯಾಪಕರು ಮೃದು ಮನುಷ್ಯ.
"ಅಮ್ಮಾ, ಒಂದು ವಾಕ್ಯ ಕನ್ನಡದಲ್ಲಿ ಹೇಳುತ್ತೇನೆ,
ನೀವದನ್ನು ತುಳುವಿನಲ್ಲಿ ಹೇಳಿ.
ನಾವು ಮೀನು ತಿನ್ನುತ್ತೇವೆ."

ಬಾಗಿಯಕ್ಕ ಬಾಯಿ ತೆರೆದರು, ಮುಚ್ಚಿದರು,
ಅವರನ್ನೇ ನೋಡಿ ಕೇಳಿದರು:
"ನೀವು ತಿನ್ನುತ್ತೀರಾ?"

ಸಭೆ ನಕ್ಕಿತು. ಅವರ ಕಿವಿ ಕೆಂಪಾಯಿತು.
"ಅದು ಬಿಡಿಯಮ್ಮಾ, ವಾಕ್ಯ ಮಾತ್ರ ಸಾಕು."
"ವಾಕ್ಯಕ್ಕೇ ಬೇಕು ಸ್ವಾಮೀ.
ನೀವು ಸೇರಿದರೆ ನಮ, ಹೊರಗುಳಿದರೆ ಎಂಕುಲು.
ಎಲೆ ಎಷ್ಟು ಎಂದು ಗೊತ್ತಾಗದೆ
ಬಡಿಸುವುದು ಹೇಗೆ?"
ಕೊನೆಗೆ ಅವರೇ ಅವರನ್ನು ಬಿಟ್ಟು ಹೇಳಿದರು:
"ಎಂಕುಲು ಮೀನ್ ತಿನ್ಪ."

ಹಳಗನ್ನಡದಲ್ಲೂ ಈ ಭೇದ ಇತ್ತೆಂದು ಒಬ್ಬರು ಎದ್ದರು,
ಇರಲೇ ಇಲ್ಲವೆಂದು ಇನ್ನೊಬ್ಬರು.
ನಾನು ಹಳದಿ ಎತ್ತಿದೆ. ಯಾರೂ ನೋಡಲಿಲ್ಲ.

ಒಂದನೇ ತರಗತಿಯ ಗೋಡೆಯಲ್ಲಿ
ಅ ಅಳಿಲು, ಗ ಗಡಿಯಾರ,
ಞ ದ ಚೌಕ ಮಾತ್ರ ಖಾಲಿ.
"ಅದಕ್ಕೆ ಶಬ್ದವಿಲ್ಲ ಮಕ್ಕಳೇ, ಬರೆದು ಕಲಿತರೆ ಸಾಕು,"
ಎನ್ನುತ್ತಿದ್ದರು ಸರಸಿ ಟೀಚರು.
ನಡುವೆ ಒಂದು ಬಿದಿರಿನ ತಟ್ಟಿ. ಆಚೆ ಮಲಯಾಳ ವಿಭಾಗ.
ಅಲ್ಲಿ ಸುಹರಾ, ಬಿಜು, ಎಲ್ಲರೂ
ನಮ್ಮ ಖಾಲಿ ಅಕ್ಷರದಿಂದಲೇ ಬಾಯಿ ತೆರೆಯುತ್ತಿದ್ದರು.
ಞಾನ್ ಎಂದರೆ ನಾನು.
ಞಙ್ಙಳ್ ಎಂದರೆ ನಾವು, ನೀನು ಬಿಟ್ಟು.
ನಮ್ಮಳ್ ಎಂದರೆ
ಬಾ, ಚೆಂಡು ನಿನ್ನ ಕಡೆ ಬಿದ್ದಿದೆ.

ಕನ್ನಡದ ನಾವು ದೊಡ್ಡ ಚಪ್ಪರ.
ಒಳಗೆ ಕೂತಿದ್ದೇನೋ, ಕಂಬಕ್ಕೊರಗಿ ಹೊರಗೆ ನಿಂತಿದ್ದೇನೋ
ಹೇಳಿದವರಿಗೇ ಗೊತ್ತು.
ಎಷ್ಟೋ ಮನವಿಪತ್ರಗಳನ್ನು ಅದರಿಂದಲೇ ಶುರು ಮಾಡಿದ್ದೇನೆ,
ನಾವು ಗಡಿನಾಡಿನ ಕನ್ನಡಿಗರು ಎಂದು.
ಬೆಂಗಳೂರಿನವರು ಓದಿ ತಲೆದೂಗುತ್ತಾರೆ.
ಅವರ ನಾವು ತಲಪಾಡಿ ದಾಟುತ್ತದೋ
ಟೋಲಿನಲ್ಲೇ ತಿರುಗುತ್ತದೋ
ಕೇಳುವ ಧೈರ್ಯ ಇನ್ನೂ ಬಂದಿಲ್ಲ.

ಊಟಕ್ಕೆ ಸಾಂಬಾರು, ಪಲ್ಯ, ಶಾವಿಗೆ ಪಾಯಸ.
ಬಾಗಿಯಕ್ಕ ಗೌರವಧನದ ಚೀಟಿಗೆ ಸಹಿ ಹಾಕಿ
ಮುನ್ನೂರೈವತ್ತನ್ನು ಸೊಂಟಕ್ಕೆ ಸಿಕ್ಕಿಸಿ
ತಟ್ಟೆ ಹಿಡಿದು ನನ್ನ ಪಕ್ಕ ನಿಂತರು.
"ನೀನು?" ಎಂದರು, ಮೆಲ್ಲಗೆ.
ನಮ್ಮ ಮನೆಯಲ್ಲಿ ತಿನ್ನುವುದಿಲ್ಲ.
ಆ ನಮ್ಮದರಲ್ಲಿ ನಾನಿದ್ದೇನೋ ಇಲ್ಲವೋ
ಹೇಳಲು ಯಾವ ಭಾಷೆಗೆ ಹೋಗಲಿ?
"ಬೂತಾಯಿ ಮಾತ್ರ," ಎಂದೆ.
"ಹಾಗಾದರೆ ನಮ," ಎಂದು
ಅವರು ಸಾಂಬಾರಿನತ್ತ ಮೂಗು ಮುರಿದರು.

ರಾತ್ರಿ ಹೆಡ್‌ಫೋನ್ ಹಾಕಿ ಬರೆದುಕೊಳ್ಳಲು ಕೂತೆ.
ನನ್ನ ನೆನಪಿನಲ್ಲಿ ಸಭೆ ತಕ್ಷಣ ನಕ್ಕಿತ್ತು.
ಧ್ವನಿಮುದ್ರಣದಲ್ಲಿ ಹಾಗಿಲ್ಲ.
"ನೀವು ತಿನ್ನುತ್ತೀರಾ?" ಆದ ಮೇಲೆ
ಒಂಬತ್ತು ಸೆಕೆಂಡು ಬರೀ ಫ್ಯಾನು,
ಹೈವೇಯಲ್ಲೊಂದು ಲಾರಿ,
ನನ್ನ ಮಡಿಲ ರಟ್ಟಿನ ಸರಕ್ಕು.
ನಗು ಆಮೇಲೆ.

ಕ್ರಮದಂತೆ ಆವರಣದೊಳಗೆ ಒಂಬತ್ತು ಎಂದು ಬರೆದೆ.
ಪಕ್ಕದ ಕಾಲಂ: ಭಾಷೆ ಯಾವುದು?
ಬೆಳಗ್ಗೆ ಹತ್ತರೊಳಗೆ ತುಂಬಿ ಕಳಿಸಬೇಕಂತೆ.